ನನ್ನ ಕೆಂಪು ಕಾರು, ಅಕ್ಕನ ಹಿಟ್ಟು

ಹೋದ ವರ್ಷ ಮೇ ತಿಂಗಳ ಎರಡನೆಯ ಭಾನುವಾರ ನಡೆದ ಸಂಗತಿ ಇದು. ಆಗ ನನಗೆ ನಲವತ್ತೆರಡು ತುಂಬಿತ್ತು. ನನ್ನ ಕೆಂಪು ಕಾರಿಗೆ ಏಳು ತಿಂಗಳು.

ಮೊದಲು ಕಾರಿನ ವಿಷಯ ಹೇಳಿಬಿಡುತ್ತೇನೆ. ನಾವು ಮುಂಬಯಿ ಪಕ್ಕದ ಠಾಣೆಯ ವರ್ತಕ ನಗರದಲ್ಲಿ ಇರುವವರು. ರಬಾಳೆಯ ಒಂದು ಔಷಧ ಕಾರ್ಖಾನೆಯಲ್ಲಿ ನಾನು ಪ್ಯಾಕಿಂಗ್ ವಿಭಾಗದ ಸೂಪರ್‌ವೈಸರ್. ಹದಿನೆಂಟು ವರ್ಷ ಲೋಕಲ್ ರೈಲಿನ ಲೇಡೀಸ್ ಡಬ್ಬಿಯಲ್ಲೇ ಹೋಗಿಬಂದೆ. ನಲವತ್ತಕ್ಕೆ ಡ್ರೈವಿಂಗ್ ಕಲಿತೆ. ಕಲಿತ ಮೇಲೆ ಒಂದು ಗೊತ್ತಾಯಿತು. ನನಗೆ ಕಾರು ಬೇಕಾಗಿದ್ದದ್ದು ತರಕಾರಿ ತರುವುದಕ್ಕೂ ಅಲ್ಲ, ಊರಿಗೆ ಹೋಗುವುದಕ್ಕೂ ಅಲ್ಲ, ಓಡಿಸುವುದಕ್ಕೆ. ಇದನ್ನು ಗಂಡಸರು ಹೇಳಿದರೆ ಶೋಕಿ ಅನ್ನುತ್ತಾರೆ, ಹೆಂಗಸು ಹೇಳಿದರೆ ತಲೆ ಕೆಟ್ಟಿದೆ ಅನ್ನುತ್ತಾರೆ. ಅನ್ನಲಿ.

ಶೋರೂಮಿನವನು ಅದಕ್ಕೆ ‘ಹಾಟ್ ಹ್ಯಾಚ್’ ಎಂದ. ಕೊರಿಯಾದ ಕಂಪನಿಯದು. ನೋಡಲು ನಮ್ಮ ಹೌಸಿಂಗ್ ಸೊಸೈಟಿಯಲ್ಲಿ ನಿಂತಿರುವ ಹತ್ತು ಸಣ್ಣ ಕಾರುಗಳ ಹಾಗೆಯೇ. ಆದರೆ ಇಂಜಿನ್‌ಗೆ ದೊಡ್ಡ ಗಾಡಿಯ ಕಸುವು, ಹಿಂದೆ ಜೋಡಿ ಸೈಲೆನ್ಸರ್, ಸೀಟಿಗೆ ಕೆಂಪು ದಾರದ ಹೊಲಿಗೆ. ಇದೇ ಮಜಾ ಕೊಡುವ ಜರ್ಮನ್ ಕಾರುಗಳ ಕಡೆ ನಮ್ಮಂಥವರು ತಿರುಗಿ ನೋಡುವ ಹಾಗಿಲ್ಲ, ಇದು ಹೇಗೋ ಕೈಗೆ ಎಟಕುತ್ತಿತ್ತು. ಟೆಸ್ಟ್ ಡ್ರೈವ್‌ಗೆಂದು ಘೋಡ್‌ಬಂದರ್ ರಸ್ತೆಗೆ ತಂದು ಎರಡನೇ ಗೇರಿನಲ್ಲಿ ಕಾಲು ಒತ್ತಿದೆ. ಬೆನ್ನು ಸೀಟಿಗೆ ಅಂಟಿಕೊಂಡಿತು. ಹಿಂದೆ ಕುಳಿತಿದ್ದ ಮಗಳು, “ಮಮ್ಮೀ, ಯೇ ತೋ ರಾಕೆಟ್ ಹೈ!” ಎಂದು ಕೂಗಿದಳು. ಅವಳಿಗೆ ತುಳು, ಕನ್ನಡ ಎರಡೂ ಅರ್ಥವಾಗುತ್ತದೆ, ಉತ್ತರ ಮಾತ್ರ ಹಿಂದಿಯಲ್ಲಿ.

“ಈ ದುಡ್ಡಿಗೆ ಏಳು ಸೀಟಿನ ಗಾಡಿ ಬರ್ತದೆ ಮಾರಾಯ್ತಿ,” ಎಂದರು ನನ್ನ ಗಂಡ. ಅವರು ಡೊಂಬಿವಿಲಿಯ ಒಂದು ಹೋಟೆಲಿನಲ್ಲಿ ಮ್ಯಾನೇಜರ್.

“ಇರುವುದು ಮೂರು ಜನ. ಉಳಿದ ನಾಲ್ಕು ಸೀಟಿಗೆ ಯಾರನ್ನು ಬಾಡಿಗೆಗೆ ತರುವುದು?” ಎಂದೆ. ಅಲ್ಲಿಗೆ ಆ ಚರ್ಚೆ ಮುಗಿಯಿತು.

ಕಾರು ಮನೆಗೆ ಬಂದ ವಾರದೊಳಗೆ ಅದರ ಇನ್ನೊಂದು ಮುಖ ಕಂಡಿತು. ಓಟದ ಗಾಡಿಯಾದ್ದರಿಂದ ಅದರ ಸಸ್ಪೆನ್ಶನ್ ಕಲ್ಲು. ಟೈರು ತೆಳ್ಳಗೆ. ರಸ್ತೆಯಲ್ಲಿ ನಾಣ್ಯ ಬಿದ್ದಿದ್ದರೂ ಅದು ಸೊಂಟಕ್ಕೆ ಗೊತ್ತಾಗುತ್ತದೆ. ಸೊಸೈಟಿಯ ಗೇಟಿನ ರಸ್ತೆಯುಬ್ಬಿಗೆ ಹೊಟ್ಟೆ ಉಜ್ಜುತ್ತದೆ. ಟ್ರಾಫಿಕ್‌ನಲ್ಲಿ ಪೆಟ್ರೋಲು ನೀರಿನ ಹಾಗೆ ಕುಡಿಯುತ್ತದೆ. ಹಿಂದಿನ ಸೀಟಿನಲ್ಲಿ ಕುಳಿತವರು ಒಂದು ಗಂಟೆಯ ನಂತರ ಮಾತು ನಿಲ್ಲಿಸುತ್ತಾರೆ. ಆದರೆ ಹಠ ಹಿಡಿದು ತಂದ ವಸ್ತುವಿನ ಕೊರತೆಯನ್ನು ಯಾರಾದರೂ ಬಾಯಿಬಿಟ್ಟು ಹೇಳುತ್ತಾರೆಯೇ? ಯಾರು ಕೇಳಿದರೂ, “ಬೆಣ್ಣೆಯ ಹಾಗೆ ಹೋಗ್ತದೆ,” ಎನ್ನುತ್ತಿದ್ದೆ. ನನ್ನ ಅಕ್ಕನಿಗೂ ಹಾಗೆಯೇ ಹೇಳಿದ್ದೆ. ಅವಳು ಅದರಲ್ಲಿ ಕುಳಿತದ್ದು ಒಂದೇ ಸಲ, ಹೊಸ ಕಾರಿನ ಪೂಜೆಯ ದಿನ, ಕಟ್ಟಡದ ಬಾಗಿಲಿನಿಂದ ಗೇಟಿನ ತನಕ.

ಜಲಜಕ್ಕ ನನಗಿಂತ ಒಂಬತ್ತು ವರ್ಷ ದೊಡ್ಡವಳು. ಡೊಂಬಿವಿಲಿ ಪೂರ್ವದಲ್ಲಿ ಮನೆ. ಗಂಡನ ಕಡೆಯವರ ಒಂದು ಮೆಸ್ ಕಲ್ಯಾಣದಲ್ಲಿತ್ತು. ಅಲ್ಲಿ ಇಪ್ಪತ್ತೆರಡು ವರ್ಷ ಅಡುಗೆ ಮಾಡಿದಳು. ಊಟ ಮಾಡಿದವರು ಹೊಗಳಿದ್ದೆಲ್ಲ ಮೆಸ್ಸಿನ ಹೆಸರಿಗೆ ಹೋಯಿತು, ಒಳಗೆ ಬೇಯಿಸುತ್ತಿದ್ದವಳನ್ನು ಯಾರೂ ನೋಡಲಿಲ್ಲ. ಐವತ್ತು ಹತ್ತಿರ ಬಂದಾಗ, “ಇನ್ನು ನನ್ನ ಹೆಸರಲ್ಲಿ ಮಾಡ್ತೇನೆ,” ಎಂದು ಹೊರಗೆ ಬಂದಳು. ಮನೆಯಲ್ಲೇ ಇಡ್ಲಿ, ದೋಸೆಯ ಹಿಟ್ಟು ಅರೆದು ಮಾರಲು ಶುರು ಮಾಡಿದಳು. ಆಮೇಲೆ ಸಣ್ಣ ಪುಟ್ಟ ಸಮಾರಂಭಗಳ ತಿಂಡಿ.

ಅವಳ ಕೈಯ ಕೊಟ್ಟೆ ಕಡುಬು ನಮ್ಮ ಬಳಗದಲ್ಲೆಲ್ಲ ಪ್ರಸಿದ್ಧ. ಹಲಸಿನ ಎಲೆಯನ್ನು ಕಡ್ಡಿಯಿಂದ ಚುಚ್ಚಿ ಬಟ್ಟಲು ಮಾಡಿ, ಅದರೊಳಗೆ ಉದ್ದಿನ ಹಿಟ್ಟು ಹೊಯ್ದು ಹಬೆಯಲ್ಲಿ ಬೇಯಿಸುವ ಕಡುಬು ಅದು. ಎಲೆಯ ಪರಿಮಳ, ಒಳಗೆ ಹತ್ತಿಯ ಹಾಗೆ ಮೃದು. ಇದಕ್ಕೆಲ್ಲ ಹಿಟ್ಟು ಉಬ್ಬುವ ಹದವೇ ಮುಖ್ಯ. ಅಕ್ಕ ಸೋಡಾ ಮುಟ್ಟುವವಳಲ್ಲ. ಚಳಿಗೆ ಎಷ್ಟು ಹೊತ್ತು, ಸೆಖೆಗೆ ಎಷ್ಟು ಹೊತ್ತು ಎಂಬುದನ್ನು ಗಡಿಯಾರ ನೋಡಿ ಹೇಳುತ್ತಿರಲಿಲ್ಲ, ಪಾತ್ರೆಯ ಹೊರಗೆ ಕೈ ಇಟ್ಟು ಹೇಳುತ್ತಿದ್ದಳು.

ಆ ಮೇ ತಿಂಗಳಲ್ಲಿ ಅವಳಿಗೊಂದು ದೊಡ್ಡ ಕೆಲಸ ಸಿಕ್ಕಿತು. ವಸಂತಿಯಮ್ಮ ಎಂಬುವರ ಮಗಳ ನಿಶ್ಚಿತಾರ್ಥ, ರಬಾಳೆಯ ಒಂದು ಸಣ್ಣ ಸಭಾಂಗಣದಲ್ಲಿ. ಬೆಳಗಿನ ತಿಂಡಿ ಎಪ್ಪತ್ತು ಜನಕ್ಕೆ. ಹುಡುಗನ ಕಡೆಯವರು ಉಡುಪಿಯಿಂದ ಬರುವವರಾದ್ದರಿಂದ ಕೊಟ್ಟೆ ಕಡುಬೇ ಆಗಬೇಕು ಎಂದಿದ್ದರು ವಸಂತಿಯಮ್ಮ. “ಇದು ಚೆನ್ನಾಗಿ ಆದ್ರೆ ಡಿಸೆಂಬರಿನ ಮದುವೆಯೂ ನಿಮಗೇ, ಜಲಜಕ್ಕಾ,” ಎಂದೂ ಹೇಳಿದ್ದರು. ಅಕ್ಕ ಈ ಮಾತನ್ನು ನನಗೆ ಫೋನಿನಲ್ಲಿ ಮೂರು ಸಲ ಹೇಳಿದಳು. ಮದುವೆ ಎಂದರೆ ಎಂಟುನೂರು ಜನ. ಎಂಟುನೂರು ಜನ ಅವಳ ಹೆಸರು ಕೇಳುತ್ತಾರೆ.

ಶನಿವಾರ ನಾನು ಕಾರು ತೆಗೆದುಕೊಂಡು ಅಕ್ಕನ ಮನೆಗೆ ಹೋದೆ. ಊರಿನ ಬಸ್ಸಿನಲ್ಲಿ ಬಂದಿದ್ದ ಹಲಸಿನ ಎಲೆಯ ಕಟ್ಟು ಬಿಚ್ಚಿ ಇಬ್ಬರೂ ನೆಲದ ಮೇಲೆ ಕುಳಿತು ಕೊಟ್ಟೆ ಚುಚ್ಚಿದೆವು. ಸಂಜೆ ಅಕ್ಕ ಹಿಟ್ಟು ಅರೆದು ಮೂರು ದೊಡ್ಡ ಸ್ಟೀಲ್ ಡಬ್ಬಿಗಳಲ್ಲಿ ಅರ್ಧರ್ಧ ತುಂಬಿದಳು. ಉಳಿದ ಅರ್ಧ ಉಬ್ಬಲು ಜಾಗ. ಮುಚ್ಚಳದ ಮೇಲೆ ಬಟ್ಟೆ ಕಟ್ಟಿದಳು. ರಾತ್ರಿ ನಾನು ಅಲ್ಲೇ ಉಳಿದೆ.

ಯೋಜನೆ ಸರಳವಾಗಿತ್ತು. ಪಾತ್ರೆ, ತೆಂಗಿನಕಾಯಿ, ಎಲೆ ಬಟ್ಟಲುಗಳೊಂದಿಗೆ ಅಕ್ಕ ಬೆಳಗ್ಗೆ ಐದಕ್ಕೆ ಬಾಡಿಗೆಯ ಟೆಂಪೋದಲ್ಲಿ ಹೋಗುವುದು, ಸಾಂಬಾರು ಚಟ್ನಿ ಶುರು ಮಾಡುವುದು. ಹಿಟ್ಟು ಪೂರ್ತಿ ಏರುವ ಹೊತ್ತಿಗೆ ಸರಿಯಾಗಿ ನಾನು ಹಿಂದಿನಿಂದ ಕಾರಿನಲ್ಲಿ ತರುವುದು.

“ಟೆಂಪೋದಲ್ಲಿ ಹಿಟ್ಟು ಬೇಡ, ಕುಲುಕ್ತದೆ. ಉಬ್ಬಿದ ಹಿಟ್ಟು ಕುಲುಕಿದ್ರೆ ಮುಗೀತು, ಗಾಳಿ ಎಲ್ಲ ಹೋಗ್ತದೆ,” ಎಂದಳು ಅಕ್ಕ. “ನಿನ್ನ ಕಾರು ಬೆಣ್ಣೆ ಅಂತ ಹೇಳ್ತೀಯಲ್ಲ. ಆದ್ರೂ ನಲವತ್ತರ ಮೇಲೆ ಹೋಗ್ಬೇಡ, ಆಯ್ತಾ?”

ಆಗ ಹೇಳಬಹುದಿತ್ತು. ‘ಅಕ್ಕಾ, ಇದು ಟೆಂಪೋಗಿಂತ ಹೆಚ್ಚು ಕುಲುಕುವ ಗಾಡಿ’ ಎಂದು ಒಂದು ಮಾತು. ಹೇಳಲಿಲ್ಲ. “ಆಯ್ತು ಮಾರಾಯ್ತಿ, ಮಗುವಿನ ಹಾಗೆ ತರ್ತೇನೆ,” ಎಂದೆ.

ಬೆಳಗ್ಗೆ ಐದೂಮುಕ್ಕಾಲಿಗೆ ಡಬ್ಬಿಗಳನ್ನು ಡಿಕ್ಕಿಯಲ್ಲಿ ಇಟ್ಟು, ಸುತ್ತ ಹಳೆಯ ಚಾದರ ತುರುಕಿ ಹೊರಟೆ. ಮುಚ್ಚಳ ಎತ್ತಿ ನೋಡಿದ್ದೆ, ಹಿಟ್ಟು ಕಂಠದ ಹತ್ತಿರ ಬಂದು ನಡುವೆ ಗುಮ್ಮಟದ ಹಾಗೆ ಉಬ್ಬಿ ನಿಂತಿತ್ತು. ಊರಿನೊಳಗಿನ ಗಲ್ಲಿಗಳಲ್ಲಿ ನಿಜಕ್ಕೂ ಮಗುವಿನ ಹಾಗೆಯೇ ಓಡಿಸಿದೆ. ಕಲ್ಯಾಣ–ಶಿಳ್ ರಸ್ತೆಗೆ ಬಂದೆ.

ಆ ರಸ್ತೆಯನ್ನು ಬಲ್ಲವರಿಗೆ ಗೊತ್ತು, ಅಲ್ಲಿ ವಾರವಿಡೀ ಗಾಡಿಗಳು ಇರುವೆಯ ಸಾಲು. ಆ ಭಾನುವಾರ ಬೆಳಗ್ಗೆ ಅದು ಪೂರ್ತಿ ಖಾಲಿ ಇತ್ತು. ಹೊಸ ಕಾಂಕ್ರೀಟು, ಎಡಬಲ ಯಾರೂ ಇಲ್ಲ, ಕಿಟಕಿಯಿಂದ ತಂಪು ಗಾಳಿ. ಏಳು ತಿಂಗಳಿಂದ ಸಿಗ್ನಲ್ಲಿನಿಂದ ಸಿಗ್ನಲ್ಲಿಗೆ ತೆವಳಿದ್ದ ಕಾರು ನನ್ನ ಕಾಲ ಕೆಳಗೆ ಗುರುಗುಡುತ್ತಿತ್ತು. ಯಾರೂ ನನ್ನನ್ನು ರೇಗಿಸಲಿಲ್ಲ, ಯಾರೂ ಹಾರ್ನ್ ಹೊಡೆದು ಮುಂದೆ ಹೋಗಲಿಲ್ಲ. ಇದನ್ನು ಸ್ಪಷ್ಟವಾಗಿ ಬರೆಯುತ್ತಿದ್ದೇನೆ, ಏಕೆಂದರೆ ನೆಪ ಹೇಳುವ ಆಸೆ ನನಗೆ ಬಹಳ ಸಲ ಬಂದಿದೆ. ರಸ್ತೆ ಖಾಲಿ ಇತ್ತು, ನನಗೆ ಬೇಕೆನಿಸಿತು, ಒತ್ತಿದೆ.

ಎಷ್ಟು ಚೆನ್ನಾಗಿತ್ತು ಎಂದರೆ ನಾಚಿಕೆಯಾಗುತ್ತದೆ. ಸೈಲೆನ್ಸರಿನ ಸದ್ದು, ಗೇರು ಬದಲಿಸಿದಾಗಿನ ಆ ನೂಕು. ಮುಳ್ಳು ನೂರು ದಾಟಿದ್ದು ನೋಡಿದೆ. ಹಿಂದಿರುವ ಹಿಟ್ಟು ಆ ಎರಡು ನಿಮಿಷ ನನಗೆ ನೆನಪೇ ಇರಲಿಲ್ಲ.

ಶಿಳಫಾಟಾ ಜಂಕ್ಷನ್ ಇನ್ನೂ ಸ್ವಲ್ಪ ದೂರ ಇರುವಾಗ ಕಾಂಕ್ರೀಟು ಮುಗಿದು ಅಗೆದ ರಸ್ತೆ ಶುರುವಾಯಿತು. ನಡುವೆ ಗೇಣೆತ್ತರದ ಮೆಟ್ಟಿಲು. ಬ್ರೇಕು ಒತ್ತಿದೆ, ಒತ್ತುವಷ್ಟರಲ್ಲಿ ಕಾರು ಅದರ ಮೇಲಿಂದ ಬಿತ್ತು. ಮತ್ತೊಂದು ಗುಂಡಿ, ಮತ್ತೊಂದು. ಎಡಗಡೆ ಪಟಾರ್ ಎಂದು ಸದ್ದಾಯಿತು. ಸ್ಟೀರಿಂಗ್ ಎಳೆಯಿತು. ಹೇಗೋ ಬದಿಗೆ ತಂದು ನಿಲ್ಲಿಸಿದೆ.

ಇಳಿದು ಟೈರು ನೋಡಲಿಲ್ಲ, ಮೊದಲು ಡಿಕ್ಕಿ ತೆರೆದೆ. ಮೂರೂ ಡಬ್ಬಿ ನೆಟ್ಟಗೇ ಇದ್ದವು. ಒಂದರ ಬಟ್ಟೆ ಒದ್ದೆಯಾಗಿ ಚಾದರದ ಮೇಲೆ ಸ್ವಲ್ಪ ಹಿಟ್ಟು ಚೆಲ್ಲಿತ್ತು. ಮುಚ್ಚಳ ತೆಗೆದೆ. ಕಂಠದ ಹತ್ತಿರ ಬಿಳಿ ಗೆರೆ ಇತ್ತು, ಹಿಟ್ಟು ಅಲ್ಲಿಂದ ನಾಲ್ಕು ಬೆರಳು ಕೆಳಗೆ ಇಳಿದು, ಮೇಲೆ ಗುಳ್ಳೆಗಳು ಒಂದೊಂದಾಗಿ ಒಡೆಯುತ್ತಿದ್ದವು. ಉಳಿದ ಎರಡೂ ಹಾಗೆಯೇ.

ಅಕ್ಕನಿಗೆ ಫೋನ್ ಮಾಡಿ, “ಟೈರ್ ಪಂಕ್ಚರ್ ಆಗಿದೆ, ಸ್ವಲ್ಪ ತಡ ಆಗ್ತದೆ,” ಎಂದೆ. ಅಷ್ಟೇ ಹೇಳಿದೆ.

ನಾಲ್ಕೈದು ಗಾಡಿಗಳು ಹಾದುಹೋದವು. ಆಮೇಲೆ ಒಂದು ಖಾಲಿ ಟೆಂಪೋ ನನ್ನನ್ನು ದಾಟಿ ನಿಂತಿತು. ಅದರ ಹಿಂದೆ ಕನ್ನಡದಲ್ಲಿ ಯಾವುದೋ ಊರ ದೇವರ ಹೆಸರು ಬರೆದಿತ್ತು. ಅದನ್ನು ಓದಿದ್ದೇ, “ಅಣ್ಣಾ, ಸ್ವಲ್ಪ ಬನ್ನಿ!” ಎಂದು ಕೂಗಿದೆ. ಮೂವತ್ತೈದರ ಆಸುಪಾಸಿನ ಒಬ್ಬ ಗಟ್ಟಿಮುಟ್ಟಾದ ಮನುಷ್ಯ ಇಳಿದು ಬಂದ.

“ಏನಾತ್ರಿ ಯಕ್ಕಾರ, ಟೈರ್ ಹೋತೇನು?” ಎನ್ನುತ್ತ ಕುಕ್ಕರಗಾಲಿನಲ್ಲಿ ಕುಳಿತು ಚಕ್ರದ ಅಂಚಿಗೆ ಬೆರಳು ಆಡಿಸಿದ. “ಟೈರ್ ಅಷ್ಟ ಅಲ್ರಿ, ರಿಮ್ಮೂ ಬಾಗ್ಯಾದ. ಭಾಳ ಜೋರ್ ಬಂದೀರಿ ನೋಡ್ರಿ.”

“ಇಲ್ಲ, ಅಷ್ಟೇನೂ ಜೋರಿರಲಿಲ್ಲ,” ಎಂದೆ. ಆತ ನನ್ನ ಮುಖ ನೋಡಿ ಎದ್ದು ನಿಂತ.

ಹೆಸರು ಶರಣಪ್ಪ, ವಿಜಯಪುರದ ಸಿಂದಗಿ ಕಡೆಯವನು. ಭಿವಂಡಿಯ ಗೋದಾಮಿನ ಮಾಲನ್ನು ಕಲ್ಯಾಣದಲ್ಲಿ ಇಳಿಸಿ ರಬಾಳೆಯ ತನ್ನ ಮನೆಗೆ ಹಿಂದಿರುಗುತ್ತಿದ್ದ. ನಾನು ವಿಷಯ ಹೇಳಿದೆ. “ಸ್ಟೆಪ್ನಿ ಹಾಕೂದ್ರಾಗ ಅರ್ಧಾ ತಾಸ್ ಹೋಗ್ತದ್ರಿ. ಕಾರ್ ಇಲ್ಲೇ ಇರ್ಲಿ, ಆಮ್ಯಾಲ ನೋಡೂಣು. ಮಂದಿ ಹಸ್ದು ಕುಂತಿರ್ತಾರ,” ಎಂದು ಡಬ್ಬಿಗಳನ್ನು ತಾನೇ ಎತ್ತಿ ಕ್ಯಾಬಿನ್ನಿನೊಳಗೆ ಇಟ್ಟ. ಒಂದನ್ನು ನನ್ನ ಮಡಿಲಿಗೆ ಕೊಟ್ಟ.

ಆತ ಇಪ್ಪತ್ತೈದರ ಮೇಲೆ ಹೋಗಲಿಲ್ಲ. ಪ್ರತಿ ಗುಂಡಿಗೂ ನಿಧಾನ ಮಾಡಿ ಒಂದೊಂದೇ ಚಕ್ರ ಇಳಿಸುತ್ತಿದ್ದ. ನಾನು ಎರಡು ಸಲ ಗಡಿಯಾರ ನೋಡಿದಾಗ, “ಬಸರಿದ್ದಾಕಿನ ಕರ್ಕೊಂಡ ಹೊಂಟಾಗ ಹಿಂಗ ಹೊಡೀಬೇಕ್ರಿ. ಹಿಟ್ಟೂ ಹಂಗ,” ಎಂದ. ಆ ಹಳೆಯ ಟೆಂಪೋದಲ್ಲಿ ಡಬ್ಬಿ ಅಲುಗಲೇ ಇಲ್ಲ. ಅಕ್ಕ ಬೇಡ ಎಂದಿದ್ದು ಇಂಥದೇ ಟೆಂಪೋವನ್ನು.

ಸಭಾಂಗಣ ಸೇರುವಾಗ ಏಳಕ್ಕೆ ಹತ್ತು ನಿಮಿಷ. ಅಡುಗೆಮನೆಯಲ್ಲಿ ನೀರು ಕುದಿಯುತ್ತಿತ್ತು, ಕೊಟ್ಟೆಗಳು ಸಾಲಾಗಿ ನಿಂತಿದ್ದವು. ಅಕ್ಕ ಮುಚ್ಚಳ ತೆಗೆದು ನೋಡಿದಳು. ಬೆರಳಿನಿಂದ ಆ ಬಿಳಿ ಗೆರೆ ಸವರಿದಳು.

“ಇಲ್ಲಿಯ ತನಕ ಏರಿದೆ,” ಎಂದಳು. ಆಮೇಲೆ ನನ್ನ ಕಡೆ ತಿರುಗಿ, “ದಾರಿಯಲ್ಲಿ ಕುಲುಕಿತಾ?” ಎಂದು ಕೇಳಿದಳು.

“ಇಲ್ಲ,” ಎಂದೆ. “ಟೈರಿಗೆ ಮೊಳೆ ಹೊಕ್ಕಿತು, ಅಷ್ಟೇ. ಮೆಲ್ಲ ಬಂದದ್ದು.”

ಶರಣಪ್ಪ ಮೂರನೆಯ ಡಬ್ಬಿ ಹಿಡಿದುಕೊಂಡು ಬಾಗಿಲಲ್ಲಿ ನಿಂತಿದ್ದ. ಕೇಳಿಸಿಕೊಂಡ. ಡಬ್ಬಿ ಇಟ್ಟು ನೆಲ ನೋಡಿದ.

ಅಕ್ಕ ಎಂಟು ಕೊಟ್ಟೆಗೆ ಹಿಟ್ಟು ಹೊಯ್ದು ಹಬೆಗೆ ಇಟ್ಟಳು. ಆ ಇಪ್ಪತ್ತು ನಿಮಿಷ ಅವಳು ತನ್ನೊಳಗೇ ಲೆಕ್ಕ ಹಾಕುತ್ತಿದ್ದಳು. “ಮೇ ತಿಂಗಳ ಸೆಖೆ. ನಾನು ನಿನ್ನೆ ಸಂಜೆ ಏಳು ಗಂಟೆಗೆ ಅರೆದದ್ದು ಬೇಗ ಆಯ್ತು. ಹುಳಿ ಜಾಸ್ತಿ ಆಗಿ ಏರಿ ಇಳಿದಿದೆ.” ಕಡುಬು ತೆಗೆದು ಎಲೆ ಬಿಡಿಸಿದಳು. ಅರ್ಧ ಎತ್ತರವೂ ಬಂದಿರಲಿಲ್ಲ. ಒತ್ತಿದರೆ ರಬ್ಬರು.

“ಸ್ವಲ್ಪ ಸೋಡಾ ಹಾಕಿದ್ರೆ?” ಎಂದೆ ಮೆಲ್ಲಗೆ.

“ಸೋಡಾ ಹಾಕಿ ಉಬ್ಬಿಸುದಾದ್ರೆ ನನ್ನನ್ನು ಯಾಕೆ ಕರೀಬೇಕು?” ಎಂದಳು. ಸಿಟ್ಟಿನಿಂದಲ್ಲ, ಅಳು ತಡೆದುಕೊಂಡು. ಆ ಕ್ಷಣದಲ್ಲಾದರೂ ನನ್ನ ಬಾಯಿ ತೆರೆಯಬೇಕಿತ್ತು.

ಅಕ್ಕ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. “ದೋಸೆಗೆ ಆಗ್ತದೆ. ದಪ್ಪ ಉದ್ದಿನ ದೋಸೆ. ಆದ್ರೆ ಕಾವಲಿ ಎಲ್ಲಿ ಉಂಟು ಇಲ್ಲಿ?” ಅಲ್ಲಿ ಇದ್ದದ್ದು ಹಬೆಯ ಪಾತ್ರೆಗಳು, ಮೂರು ಒಲೆ. ಭಾನುವಾರ ಬೆಳಗ್ಗೆ ಏಳೂಕಾಲಿಗೆ ಯಾವ ಅಂಗಡಿಯೂ ತೆರೆದಿರುವುದಿಲ್ಲ.

“ರೊಟ್ಟಿ ಹಂಚು ನಡೀತಾವೇನ್ರಿ?” ಎಂದು ಕೇಳಿದ ಶರಣಪ್ಪ. ಉತ್ತರಕ್ಕೆ ಕಾಯದೆ ಹೋದ. ಕಾಲು ಗಂಟೆಯೊಳಗೆ ಹೆಂಡತಿ ಮಹಾದೇವಿಯನ್ನು ಕರೆತಂದ. ಆಕೆಯ ಕೈಯಲ್ಲಿ ಮೂರು ಕಬ್ಬಿಣದ ಹಂಚು, ತನ್ನದೊಂದು, ಪಕ್ಕದ ಮನೆಗಳದ್ದು ಎರಡು. ದಿನವೂ ಜೋಳದ ರೊಟ್ಟಿ ಬೇಯುವ ಹಂಚುಗಳು ಅವು, ಎಣ್ಣೆ ಕಂಡವಲ್ಲ.

ಮೊದಲ ನಾಲ್ಕು ದೋಸೆ ಮೇಲೇಳಲಿಲ್ಲ. ಅಕ್ಕ ಈರುಳ್ಳಿ ಅರ್ಧ ಮಾಡಿ ಎಣ್ಣೆಗೆ ಅದ್ದಿ ಹಂಚಿನ ಮೇಲೆ ಉಜ್ಜತೊಡಗಿದಳು. ಮಹಾದೇವಿ ಅವಳ ಕೈ ಹಿಡಿಯುವಂತೆ ಮುಂದೆ ಬಂದು ನಿಂತಳು. ಒಮ್ಮೆ ಎಣ್ಣೆ ಕುಡಿದ ಹಂಚಿನ ಮೇಲೆ ರೊಟ್ಟಿ ಮೊದಲಿನಂತೆ ಬರುವುದಿಲ್ಲ ಎಂದು ಅಡುಗೆ ಮಾಡುವ ಯಾರಿಗಾದರೂ ಗೊತ್ತು. ಅಕ್ಕನಿಗೂ ಗೊತ್ತಿತ್ತು, ಕೈ ನಿಲ್ಲಿಸಿದಳು.

“ನಿಮ್ಮ ಹಂಚು ಹಾಳಾಗ್ತದಲ್ಲ ತಂಗಿ,” ಎಂದಳು.

ಮಹಾದೇವಿ ಹೊರಗೆ ಕೇಳುತ್ತಿದ್ದ ಜನರ ಗದ್ದಲದ ಕಡೆ ನೋಡಿದಳು. “ಹಚ್ರಿ ಯಕ್ಕಾ. ಮಂದಿ ಉಪಾಸ ಕುಂತಾರ. ಹಂಚಿಂದೇನ್, ಸುಟ್ಟು ತಿಕ್ಕಿದ್ರ ನಾಕ್ ದಿನದಾಗ ಹಾದಿಗಿ ಬರ್ತದ,” ಎಂದು ತಾನೇ ಸೌಟು ಕೈಗೆ ತೆಗೆದುಕೊಂಡಳು.

ಇಬ್ಬರೂ ಸೇರಿ ಹತ್ತು ಗಂಟೆಯವರೆಗೆ ದೋಸೆ ಹೊಯ್ದರು. ನಾನು ಬಡಿಸಿದೆ. ಯಾರೂ ಹಸಿದು ಹೋಗಲಿಲ್ಲ. ಆದರೆ ಜನರನ್ನು ಕಾಯಿಸಿ ಕಾಯಿಸಿ ಹಾಕಿದ ತಿಂಡಿ ಅದು. ಉಡುಪಿಯ ಕಡೆಯ ಹಿರಿಯರೊಬ್ಬರು, “ಕೊಟ್ಟೆ ಕಡುಬು ಅಂತ ಹೇಳಿದ್ರಲ್ಲ?” ಎಂದು ಎರಡು ಸಲ ಕೇಳಿದರು. ಕೊನೆಗೆ ವಸಂತಿಯಮ್ಮ ಅಡುಗೆಮನೆಗೆ ಬಂದರು. ರೇಷ್ಮೆ ಸೀರೆಯಲ್ಲಿ ಬೆವರಿದ್ದರು, ಮುಖ ಬಿಗಿದಿತ್ತು.

“ನಾನು ಎಲ್ಲರ ಹತ್ರ ಹೇಳಿಕೊಂಡಿದ್ದೆ ಜಲಜಕ್ಕಾ,” ಎಂದರು.

ಅಕ್ಕ ಕೈ ಒರೆಸಿಕೊಂಡು ಅವರ ಎದುರಿಗೆ ನಿಂತಳು. “ತಪ್ಪು ನನ್ನದು. ಹಿಟ್ಟಿನ ಹದ ನನಗೆ ತಪ್ಪಿತು,” ಎಂದಳು.

ನಾನು ಎರಡು ಮಾರು ದೂರದಲ್ಲಿ ತಟ್ಟೆ ಹಿಡಿದುಕೊಂಡು ನಿಂತಿದ್ದೆ.

ಹನ್ನೊಂದು ಗಂಟೆಗೆ ಶರಣಪ್ಪ ನನ್ನನ್ನು ಕಾರಿನ ತನಕ ವಾಪಸು ಕರೆದುಕೊಂಡು ಹೋಗಿ ಸ್ಟೆಪ್ನಿ ಹಾಕಿಕೊಟ್ಟ. ಹಣ ಕೊಡಹೋದರೆ ಕೈ ಹಿಂದಕ್ಕೆ ತೆಗೆದುಕೊಂಡ. ಹೊರಡುವ ಮುಂಚೆ ಬಾಗಿದ ರಿಮ್ಮನ್ನು ಡಿಕ್ಕಿಯಲ್ಲಿ ಇಡುತ್ತ ಹೇಳಿದ, “ನಿಮ್ಮ ಅಕ್ಕಾರಿಗಿ ಹೇಳ್ರಿ ಯಕ್ಕಾರ. ಪಾಪ, ತನ್ನ ಕೈಗೆ ತಾನ ಬೈಕೊಳ್ಳಾಕತ್ತಾರ.”

“ಹೇಳ್ತೇನೆ,” ಎಂದೆ. ಅಲ್ಲಿಗೆ ಆ ದಿನದ ಮೂರನೆಯ ಸುಳ್ಳು.

ಆ ಅಳತೆಯ ಟೈರು ಡೊಂಬಿವಿಲಿಯಲ್ಲೂ ಇರಲಿಲ್ಲ, ಠಾಣೆಯಲ್ಲೂ ಇರಲಿಲ್ಲ. ಐದು ದಿನ ಕಾದೆ. ಡಿಕ್ಕಿಯ ಕಾರ್ಪೆಟ್ಟಿನ ಹುಳಿ ವಾಸನೆ ದೀಪಾವಳಿಯ ತನಕ ಹೋಗಲಿಲ್ಲ. ಇವು ನನ್ನ ನಷ್ಟಗಳು. ಅಕ್ಕನ ನಷ್ಟ ಬೇರೆ. ಡಿಸೆಂಬರಿನ ಮದುವೆ ಇನ್ನೊಬ್ಬರಿಗೆ ಹೋಯಿತು. ಅವಳು ಕೊಟ್ಟೆ ಕಡುಬು ಮಾಡುವುದನ್ನೇ ಬಿಟ್ಟಳು. ಕೇಳಿದವರಿಗೆ, “ಎಲೆ ಸಿಗುದಿಲ್ಲ,” ಎನ್ನುತ್ತಿದ್ದಳು.

ಕಾರ್ಖಾನೆಯಲ್ಲಿ ಹುಡುಗಿಯರು ಈಗಲೂ ಕೇಳುತ್ತಾರೆ, “ಮೇಡಂ, ಆ ಗಾಡಿ ತಗೊಳ್ಳಬಹುದಾ?” ಈಗ ನಾನು ಬೆಣ್ಣೆ ಎನ್ನುವುದಿಲ್ಲ. ಸೊಂಟ, ಟೈರು, ಪೆಟ್ರೋಲು ಎಲ್ಲ ಹೇಳುತ್ತೇನೆ. ಓಡಿಸುವ ಖುಷಿಯನ್ನೂ ಹೇಳುತ್ತೇನೆ, ಅದು ಸುಳ್ಳಲ್ಲ. ಕಾರಿನ ಬಗ್ಗೆ ಪ್ರಾಮಾಣಿಕಳಾಗುವುದು ಸುಲಭವಾಯಿತು. ಅಕ್ಕನ ಎದುರು ಕುಳಿತು ಆ ಬೆಳಗಿನ ಬಗ್ಗೆ ಪ್ರಾಮಾಣಿಕಳಾಗಲು ಹತ್ತು ತಿಂಗಳು ಹಿಡಿಯಿತು.

ಈ ಮಾರ್ಚಿನಲ್ಲಿ ಅವಳ ಮನೆಗೆ ಹೋಗಿದ್ದೆ. ಚಹಾಕ್ಕೆ ಸಕ್ಕರೆ ಹುಡುಕುತ್ತ ಡಬ್ಬಿಗಳ ಹಿಂದೆ ಕೈ ಹಾಕಿದಾಗ ಸೋಡಾ ಪುಡಿಯ ಪೊಟ್ಟಣ ಸಿಕ್ಕಿತು. ಅರ್ಧ ಖಾಲಿಯಾಗಿತ್ತು. ನಾನು ಅದನ್ನು ಹಿಡಿದುಕೊಂಡು ನಿಂತದ್ದು ನೋಡಿ ಅಕ್ಕ, “ಇಡ್ಲಿ ಹಿಟ್ಟಿಗೆ ಚೂರು ಹಾಕ್ತೇನೆ. ಕೈಗೆ ಈಗ ಹದ ಗೊತ್ತಾಗುದಿಲ್ಲ. ಹೆದರಿಕೆ,” ಎಂದಳು.

ಅಲ್ಲೇ ನಿಂತು ಎಲ್ಲ ಹೇಳಿದೆ. ಖಾಲಿ ರಸ್ತೆ, ನೂರು ದಾಟಿದ ಮುಳ್ಳು, ಗುಂಡಿ, ನಾಲ್ಕು ಬೆರಳು ಕೆಳಗಿಳಿದ ಹಿಟ್ಟು. ಮೊಳೆ ಸುಳ್ಳು, ಮೆಲ್ಲ ಬಂದದ್ದು ಸುಳ್ಳು. ಅಕ್ಕ ಒಲೆ ಆರಿಸಿದಳು. ಬೈಯುತ್ತಾಳೆ ಎಂದುಕೊಂಡಿದ್ದೆ.

“ಹತ್ತು ತಿಂಗಳು,” ಎಂದಳು. “ಹತ್ತು ತಿಂಗಳು ನಾನು ನನ್ನ ಕೈಯನ್ನೇ ನಂಬಲಿಲ್ಲ ಮಾರಾಯ್ತಿ. ಮದುವೆ ಹೋದ್ರೆ ಹೋಗ್ಲಿ. ನೀನು ನೋಡ್ತಾ ಇದ್ದೆಯಲ್ಲ?”

ಚಹಾ ಕುಡಿಯದೆ ಬಂದೆ. ಆಮೇಲೆ ಎರಡು ತಿಂಗಳು ಅವಳು ಫೋನ್ ಮಾಡಲಿಲ್ಲ.

ಮೊನ್ನೆ ಶುಕ್ರವಾರ ನನ್ನ ಗಂಡ ಕೆಲಸದಿಂದ ಬರುವಾಗ ಒಂದು ಸ್ಟೀಲ್ ಡಬ್ಬಿ ತಂದರು. “ಜಲಜಕ್ಕ ಹೋಟೆಲಿಗೆ ಬಂದು ಕೊಟ್ಟು ಹೋದ್ರು. ಎಂತದೂ ಹೇಳಲಿಲ್ಲ,” ಎಂದರು. ಒಳಗೆ ನಾಲ್ಕು ಕೊಟ್ಟೆ ಕಡುಬು. ಎಲೆ ಬಿಡಿಸಿದೆ. ಚೆನ್ನಾಗಿ ಉಬ್ಬಿದ್ದವು, ಸೋಡಾದ ವಾಸನೆ ಇರಲಿಲ್ಲ. ನಿಂತಲ್ಲೇ ಒಂದು ತಿಂದು ಅಕ್ಕನಿಗೆ ಫೋನ್ ಮಾಡಿದೆ. ಎತ್ತಲಿಲ್ಲ. ಮತ್ತೆ ಮಾಡಿದೆ. ಈ ಸಲ ಎತ್ತಿದಳು.

“ಉಪ್ಪು ಸರಿ ಉಂಟಾ?” ಎಂದು ಕೇಳಿದಳು.

“ಸರಿ ಉಂಟು ಅಕ್ಕಾ. ಎಲ್ಲ ಸರಿ ಉಂಟು.”

“ನಿಜವಾ?” ಎಂದಳು ಅಕ್ಕ.

ನಲವತ್ತು ವರ್ಷದಲ್ಲಿ ಅಕ್ಕ ನನ್ನನ್ನು ಹಾಗೆ ಕೇಳಿದ್ದು ಅದೇ ಮೊದಲು.